ಹಳದೀಪುರದ ಕೆಂಪು ಚುಕ್ಕೆಗಳು

"ನಿಲ್ಲಿ... ಸ್ವಲ್ಪ ನಿಲ್ಲಿ... ಒಂದೇ ಒಂದು ಪ್ರಶ್ನೆ!" ಏದುಸಿರು ಬಿಡುತ್ತ ಗುರುದತ್ತ ಲಕ್ಕಿಯ ಹಿಂದೆ ಓಡುತ್ತಿದ್ದ. ತರಕಾರಿ ಮಾರುವ ಲಕ್ಕಿ ಸೀರೆ ಎತ್ತಿ ಕಟ್ಟಿಕೊಂಡು ಹಳದೀಪುರದ ಕಡಲ ದಾರಿಯಲ್ಲಿ ಆಗಲೇ ಒಂದು ತಿರುವಿನಷ್ಟು ಮುಂದಿದ್ದಳು. ಓಡುವವರು ಯಾರ ಪ್ರಶ್ನೆಗೂ ನಿಲ್ಲುವುದಿಲ್ಲ. ಅದಕ್ಕೇ ಕುಮಟಾ ಕಾಲೇಜಿನ ಈ ಭೂಗೋಳದ ಮಾಸ್ತರ ತನ್ನ ಹೊಟ್ಟೆಯನ್ನೂ ಹೊತ್ತುಕೊಂಡು ಅವರ ಜತೆಗೇ ಓಡುತ್ತ ಮಾತಾಡಿಸುವ ಪದ್ಧತಿ ಕಂಡುಹಿಡಿದಿದ್ದ. ಪ್ರಬಂಧದಲ್ಲಿ ಅದಕ್ಕೆ 'ಸಹಭಾಗಿ ಅವಲೋಕನ' ಎಂದು ಹೆಸರು. ನೋಡಿದವರು ಇಟ್ಟ ಹೆಸರು ಬೇರೆ. ಅದನ್ನು ಅವನು ಬರೆದಿರಲಿಲ್ಲ.

ಓಟದ ಹವ್ಯಾಸ ಈ ಕರಾವಳಿಯಲ್ಲಿ ಹೇಗೆ ಹಬ್ಬಿತು ಎಂಬುದೇ ಅವನ ಪಿಎಚ್‌ಡಿ. ಗಲ್ಫಿನಿಂದ ಬಂದವರ ಬೂಟಿನ ಜತೆ ಭಟ್ಕಳಕ್ಕೆ ಇಳಿದ ಓಟ ಹೆದ್ದಾರಿ ಹಿಡಿದು ಹೊನ್ನಾವರ ದಾಟಿ ಕುಮಟಾ ಮುಟ್ಟಿತು ಎಂದು ಅವನ ವಾದ. ನಕ್ಷೆಯಲ್ಲಿ ಬಾಣವನ್ನೂ ಎಳೆದಾಗಿತ್ತು. ಆದರೆ ಓಡುವವರಿಗೆ ಒಂದೊಂದು ಕೆಂಪು ಚುಕ್ಕೆ ಇಡುತ್ತ ಹೋದಾಗ ಹಳದೀಪುರಕ್ಕೆ ದಡಾರ ಎದ್ದಂತಾಯಿತು. ಇಲ್ಲಿ ಬೂಟೂ ಇಲ್ಲ, ಮೈದಾನವೂ ಇಲ್ಲ. ಮಳೆಗಾಲ ಮುಗಿದಾಗ ಪೊಲೀಸ್ ಭರ್ತಿಗೆ ತಯಾರಾಗುವ ಇಬ್ಬರು ಮಾತ್ರ ಓಡುತ್ತಿದ್ದರು; ಈಗ ಅರ್ಧ ಕೇರಿಯೇ ಓಡುತ್ತಿತ್ತು. "ಇದಕ್ಕೆ ಕಾರಣ ಹೇಳದಿದ್ದರೆ ಸಹಿ ಹಾಕುವುದಿಲ್ಲ" ಎಂದು ಮಾರ್ಗದರ್ಶಕಿ ಕಲ್ಪನಾ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು. ಗುರುದತ್ತನ ಕೈಯಲ್ಲಿ ಪಾಠ ಕಲಿತವರೇ ಡಾಕ್ಟರೇಟ್ ಮುಗಿಸಿ ಅವನ ಪಕ್ಕದ ಕುರ್ಚಿಗೆ ಬಂದು ಕೂತಿದ್ದರು. ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು; ಈ ಸಲ ತಪ್ಪಿದರೆ ಅವನಿಗೆ ಇನ್ನೊಂದು ಅವಕಾಶವಿರಲಿಲ್ಲ.

ಕೊನೆಗೆ ಲಕ್ಕಿಗೇ ಕನಿಕರ ಬಂದು ಮೋರಿಯ ಹತ್ತಿರ ನಿಂತಳು.

"ಎಂತ ಕೇಳೂದು ಮಾಸ್ತರ್ರೆ? ಮೊದ್ಲು ಉಸ್ರು ತಕಣಿ."

"ನೀವು ಓಡೋಕೆ ಶುರು ಮಾಡಿದ್ದು ಯಾರನ್ನು ನೋಡಿ? ಭಟ್ಕಳದ ಕಡೆಯವರು ಯಾರಾದ್ರೂ..."

ಲಕ್ಕಿ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. "ಭಟ್ಕಳದವ್ರು ಎಂತಕ್ಕೆ? ನಿಮ್ಮನ್ನೇ ನೋಡಿ!"

"ನನ್ನನ್ನಾ?"

"ಹೌದು. ಆ ಪೋಲೀಸ್ ಪೋರಗಳ ಹಿಂದೆ ನೀವು ದಿನಾ ಓಡೂದು ಕಂಡು, ಈ ಹೊಟ್ಟೆ ಇಟ್ಕಂಡು ಮಾಸ್ತರ್ರೇ ಓಡ್ತ್ರು, ನಮಗೆಂತ ಧಾಡಿ ಅಂತ ನಮ್ಮ ಕೇರಿ ಜಟ್ಟಣ್ಣ ಹೇಳ್ದ. ನಾವು ಎಷ್ಟ್ ನಿಧಾನ ಓಡಿದ್ರೂ ನಮ್ಮ ಹಿಂದೆ ನೀವೊಬ್ರು ಇರ್ತ್ರಿ ಅಲ್ದಾ? ಅದೇ ಒಂದ್ ಧೈರ್ಯ."

ಜ್ವರದ ಮೂಲ ಹುಡುಕಲು ಬಂದ ವೈದ್ಯನೇ ಊರಿಗೆಲ್ಲ ಜ್ವರ ಹಂಚಿದಂತಾಗಿತ್ತು. ಗುರುದತ್ತನಿಗೆ ನಾಚಿಕೆಯಾಯಿತು. ಆದರೆ ನಾಚಿಕೆಯ ಬೆನ್ನಿಗೇ ಹೇಳಿಕೊಳ್ಳಲಾಗದ ಒಂದು ಖುಷಿಯೂ ಆಯಿತು. ಇಷ್ಟು ವರ್ಷ ಪಾಠ ಮಾಡಿ ಒಂದು ತರಗತಿಗೂ ಭೂಗೋಳದ ಹುಚ್ಚು ಹಿಡಿಸಲಾಗದವನು ಬರೀ ಹೊಟ್ಟೆ ತೋರಿಸಿ ಒಂದು ಕೇರಿಯನ್ನು ಓಡಿಸಿದ್ದ.

ಆ ಸಂಜೆ ವಿಷಯ ತಿಳಿಸಿದಾಗ ಫೋನಿನಲ್ಲಿ ಕಲ್ಪನಾ ಮೇಡಂ ನಗು ತಡೆದುಕೊಳ್ಳುತ್ತಿರುವುದು ಅವನಿಗೆ ಕೇಳಿಸಿತು. "ಗುರುದತ್ತ ಅವರೇ, ನೀವೇ ಹಬ್ಬಿಸಿದ್ದನ್ನು ನೀವೇ ಅಧ್ಯಯನ ಮಾಡೋಕಾಗಲ್ಲ. ಹಳದೀಪುರವನ್ನು ತೆಗೆದುಹಾಕಿ. ಆ ಕಡೆ ಇನ್ನು ತಲೆ ಹಾಕಬೇಡಿ. ಸಹಿ ಹಾಕ್ತೇನೆ."

ಅವನು ಚುಕ್ಕೆಗಳನ್ನು ಒಂದೊಂದಾಗಿ ಅಳಿಸಿದ. ಲಕ್ಕಿಯ ಚುಕ್ಕೆಗೆ ಬಂದಾಗ ಕೈ ಹಿಂಜರಿಯಿತು. ಡಾಕ್ಟರೇಟನ್ನು ನೆನೆದು ಅದನ್ನೂ ಅಳಿಸಿದ. ಭಟ್ಕಳದಿಂದ ಹೊರಟ ಬಾಣಕ್ಕೆ ಇನ್ನು ಅಡ್ಡಿಯಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಕಂಬಳಿ ಎಳೆದುಕೊಂಡು ಮಗ್ಗುಲು ಬದಲಿಸುವಷ್ಟರಲ್ಲಿ ಫೋನು ಬಡಿದುಕೊಂಡಿತು. ಲಕ್ಕಿಯ ದನಿ; ಹಿಂದೆ ಏನೋ ಗಲಾಟೆ.

"ಮಾಸ್ತರ್ರೆ, ಎಲ್ಲಿದ್ರಿ? ಬೇಗ ಬನ್ನಿ. ನೀವಿಲ್ದೆ ಎಲ್ರ ಹಿಂದೆ ಓಡೂದು ಯಾರು ಅಂತ ಇಲ್ಲಿ ಜಗಳ ಬಿದ್ದದೆ. ಒಬ್ರೂ ಹೆಜ್ಜೆ ಎತ್ತೂದಿಲ್ಲ!"