ಅಳಿಸಿದ ಪುರಾವೆ

ಪರದೆಯ ಮೇಲೆ ಬಂದು ಬಿದ್ದ ತುಣುಕನ್ನು ಸಂಯುಕ್ತಾ ಎರಡೆರಡು ಸಲ ಓದಿದಳು. 'ಮಹಾಶ್ವೇತಾ, ಟ್ರುಗನಿನಾ. ಕೀಮೋ, ಎರಡನೇ ಸುತ್ತು, ಮಂಗಳವಾರ.' ಮೆಲ್ಬರ್ನಿನ ಆ ಒಂದು ಬಡಾವಣೆಯಲ್ಲಿ ಇನ್ನೆಷ್ಟು ಮಂದಿ ಮಹಾಶ್ವೇತಾ ಇದ್ದಾರು? ಎದುರು ಸೀಟಿನಲ್ಲಿ ಕೂತ ಟೀಮ್ ಲೀಡ್ ಇಂದ್ರೇಶನ ಅಕ್ಕನ ಹೆಸರೂ ಅದೇ, ಊರೂ ಅದೇ. ನಿನ್ನೆಯಷ್ಟೇ ಅಲ್ಲಿಂದ ಈ ಮ್ಯಾಕ್ವೆರಿ ಪಾರ್ಕಿನ ಆಫೀಸಿಗೆ ಡಬ್ಬಿ ತುಂಬ ಶೇಂಗಾ ಉಂಡಿ ಕಳಿಸಿದವರು.

ಕ್ಲಿನಿಕ್‌ಗಳ ಬುಕಿಂಗ್ ಆ್ಯಪ್‌ನಲ್ಲಿ ಸಿಕ್ಕ ದೋಷ ಎಷ್ಟು ಅಪಾಯದ್ದು ಎಂದು ಸಂಜೆಯೊಳಗೆ ಬರೆದುಕೊಡುವುದು ಸಂಯುಕ್ತಾಳ ಕೆಲಸ. ಒಂದು ಲೋಟ ಸಕ್ಕರೆ ಕೇಳಿದರೆ ಪಕ್ಕದ ಡಬ್ಬಿಯಲ್ಲಿದ್ದದ್ದನ್ನೂ ಸುರಿದು ಕೊಡುವ ಜಾತಿಯ ದೋಷ. ಸರ್ವರ್‌ನ ಮೆಮೊರಿಯಲ್ಲಿ ಆ ಗಳಿಗೆಗೆ ಏನಿರುತ್ತದೋ ಅದು ಹೊರಗೆ. ಪರೀಕ್ಷೆಗೆಂದು ಮಾಡಿದ ಆ್ಯಪ್ ನಕಲಿನಲ್ಲಿ ಯಾವ ಪುಣ್ಯಾತ್ಮನೋ ನಿಜವಾದ ರೋಗಿಗಳ ವಿವರಗಳನ್ನೇ ತುಂಬಿಟ್ಟಿದ್ದ.

ಕ್ರಿಟಿಕಲ್ ಎಂದರೆ ಆ್ಯಪ್ ಇವತ್ತೇ ಬಂದ್. ಮೀಡಿಯಮ್ ಎಂದರೆ ರಿಪೇರಿ ಮುಂದಿನ ತಿಂಗಳು, ಅಲ್ಲಿಯವರೆಗೆ ಸೋರಿದ್ದು ಸೋರಲಿ.

"ಮೀಡಿಯಮ್ ಅಂತ ಹಾಕ್ರಿ," ಎಂದ ಇಂದ್ರೇಶ್. "ಬರೇ ತುಣುಕು ಬೀಳ್ತಾವ. ಯಾರದು ಅಂತ ಯಾರಿಗೆ ತಿಳೀತೈತಿ? ತಿಳೀತೈತಿ ಅಂದ್ರ ಪ್ರೂಫ್ ತೋರಸ್ರಿ."

ಪ್ರೂಫ್ ಅವಳ ಕಣ್ಣೆದುರಿಗೇ ಇತ್ತು. ತೋರಿಸಿದರೆ ಸೋರಿಸಿದವಳು ತಾನೇ ಆಗುತ್ತಾಳೆ. ಇವನಿಗೆ ಗೊತ್ತೋ, ಅಕ್ಕ ಬಚ್ಚಿಟ್ಟಿದ್ದಾರೋ? ಅವಳು ಆ ತುಣುಕನ್ನು ಅಳಿಸಿಹಾಕಿದಳು.

"ನಿಮ್ಮದೇ ಹೆಸರಲ್ಲಿ ಬುಕ್ ಮಾಡಿ ಇಂದ್ರೇಶ್. ಕಾಯಿಲೆ ನಿಜವಾದದ್ದೇ ಹಾಕಿ. ನಾನು ಇಲ್ಲಿಂದ ಎಳೆದು ದೊಡ್ಡ ಸ್ಕ್ರೀನಲ್ಲಿ ಎಲ್ರಿಗೂ ತೋರಿಸ್ತೀನಿ."

ಅವನು ನಗುತ್ತಲೇ ಹೆಸರು ಟೈಪ್ ಮಾಡಿದ. ಕಾಯಿಲೆಯ ಖಾನೆ ಬಂದಾಗ ಕೈ ನಿಂತಿತು. ಆಚೆ ಈಚೆ ನೋಡಿದ. ಕೊನೆಗೆ ಹೆಸರನ್ನೂ ಅಳಿಸಿ, ಕ್ರಿಟಿಕಲ್ ಅಂತಲೇ ಬರೆಯಿರಿ ಎಂದು ಸಣ್ಣ ದನಿಯಲ್ಲಿ ಹೇಳಿದ.

ಸಂಯುಕ್ತಾಳಿಗೆ ಹೋದ ಜೀವ ಬಂದಂತಾಯಿತು. ಆ್ಯಪ್ ನಿಲ್ಲಿಸಲು ಮೇಲ್ ಹೋದ ಮೇಲೆ ಇಂದ್ರೇಶ್ ಉಂಡಿಯ ಡಬ್ಬಿಯನ್ನು ಅವಳ ಮುಂದೆ ಚಾಚಿದ.

"ನಮ್ಮಕ್ಕನ ಫೋನಿನ್ಯಾಗೂ ಇದ ಆ್ಯಪ್ ಐತಿ. ಪುಣ್ಯಾಕ್ಕ ಆಕಿಗೆ ಅದರ ಜರೂರಿ ಬಿದ್ದಿಲ್ಲ. ಗುಂಡಕಲ್ಲಿನಂಗ ಅದಾಳ."

ಮಾತಾಡಲು ಹೋದರೆ ಕಂಡದ್ದು ಹೊರಬಿದ್ದೀತೆಂದು ಸಂಯುಕ್ತಾಳಿಗೆ ಭಯವಾಯಿತು. ಇಡೀ ಉಂಡಿಯನ್ನು ಒಮ್ಮೆಗೇ ಬಾಯಿಗೆ ತುಂಬಿಕೊಂಡಳು.