ಬಿಲ್ಲು ಬಿಟ್ಟುಹೋದ ದಿನ

ಪಟಾಕಿಯ ಮದ್ದಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಅವ್ವನ ಹಾಸಿಗೆಯ ಪಕ್ಕದ ಆ ಮಧ್ಯಾಹ್ನ ನೆನಪಾಗುತ್ತದೆ.

ಮುಂಡರಗಿಯ ದವಾಖಾನೆಯಿಂದ ಅವ್ವನನ್ನು ಮನೆಗೆ ಕಳಿಸಿ ವಾರವಾಗಿತ್ತು. ಗಂಜಿಯೂ ಇಳಿಯುತ್ತಿರಲಿಲ್ಲ. ಅಂದು ಮಾತ್ರ, "ಕೌಜುಗದ ಹಕ್ಕಿ ಸಾರಾದ್ರ ಒಂಚೂರು ಕುಡದೇನು," ಎಂದಳು. ಅಪ್ಪ ಎದ್ದೇಬಿಟ್ಟ.

ಗೋಡೆಯ ಮೇಲೆ ಬಿದಿರಿನ ಬಿಲ್ಲು ತೂಗುತ್ತಿತ್ತು. ಮೂಲೆಯಲ್ಲಿ ಹೊಲದ ಹಂದಿ ಬೆದರಿಸುವ ನಾಡಬಂದೂಕು ಇತ್ತು.

"ಬಿಲ್ಲು ತಗೋಪಾ," ಎಂದ ಅಜ್ಜ. "ಬಂದೂಕಿನ ಸಪ್ಪಳಕ್ಕ ಹಿಂಡೆಲ್ಲಾ ಗುಡ್ಡ ಏರತೈತಿ. ಒಂದ ಸರ್ತಿ ತಪ್ಪಿದ್ರ ಮುಗೀತು."

ಊರಲ್ಲಿ ಅಪ್ಪನಂಥ ಬಿಲ್ಲುಗಾರ ಇರಲಿಲ್ಲ. ಅವನು ಬಾಣ ಹೂಡಿ ಅಂಗಳದ ಬೇವಿನ ಮರಕ್ಕೆ ಗುರಿಯಿಟ್ಟ. ಬಾಣದ ತುದಿ ನಡುಗಿತು. ಮತ್ತೆ ಎಳೆದ, ಮತ್ತೆ ನಡುಗಿತು. ಬಿಲ್ಲನ್ನು ನನ್ನ ಕೈಗಿತ್ತು, ಬಂದೂಕು ಎತ್ತಿಕೊಂಡು ಹೋದ.

ಸ್ವಲ್ಪ ಹೊತ್ತಿಗೆ ಹೊಲದ ಕಡೆ ಒಂದೇ ಒಂದು ಗುಂಡು ಸಿಡಿಯಿತು. ಕಣ್ಣು ಮುಚ್ಚಿ ಮಲಗಿದ್ದ ಅವ್ವ ಬೆಚ್ಚಿದಳು.

ಅಪ್ಪ ಹಕ್ಕಿ ತಂದ. ಅಜ್ಜಿ ಅದರ ಮಾಂಸದಿಂದ ಸೀಸದ ಕಾಳುಗಳನ್ನು ಒಂದೊಂದಾಗಿ ಆರಿಸಿ ತೆಗೆದು ಸಾರು ಮಾಡಿದಳು. ಮದ್ದು ನಾರುವ ಅಂಗಿಯಲ್ಲೇ ಅಪ್ಪ ಚಮಚ ಹಿಡಿದು ಕುಳಿತ.

"ಬಿಲ್ಲು ಬಿಟ್ಟು ಬಂದೂಕು ಯಾಕ ಒಯ್ದ್ರಿ?" ಎಂದಳು ಅವ್ವ. "ನನ್ನ ಸಲುವಾಗಿ ಅಷ್ಟ ಅಂಜಿಕಿ ಆಗೇತೇನ್ರಿ?"

ಅಪ್ಪ ಸಾರಿನ ಚಮಚವನ್ನು ಅವಳ ತುಟಿಗೆ ಹಿಡಿದ. ಅವ್ವ ಅವನ ಮುಖವನ್ನೇ ನೋಡುತ್ತ ನಾಲ್ಕು ಚಮಚ ನುಂಗಿ, "ಭಾಳ ರುಚಿ ಐತ್ರಿ," ಎಂದಳು. ಅಪ್ಪ ಹೊರಗೆ ಹೋದ ಕೂಡಲೇ ಅಷ್ಟನ್ನೂ ನಾನು ಹಿಡಿದ ಬಟ್ಟಲಿಗೆ ಕಾರಿಕೊಂಡಳು.

"ನಿಮ್ಮಪ್ಪಗ ಹೇಳಬ್ಯಾಡವಾ."

ಮರುದಿನ ನಸುಕಿನಲ್ಲೇ ಅಪ್ಪ ಮತ್ತೆ ಬಂದೂಕು ಹೆಗಲಿಗೇರಿಸಿ ಹೊರಟ. ನಾನು ಬಾಗಿಲಲ್ಲಿ ನಿಂತಿದ್ದೆ; ಬಾಯಿ ಬಿಡಲಿಲ್ಲ.