ಸ್ಟೇಷನ್ ಮುಚ್ಚಿದ ಕಾರಣ

ಕಡಲ ಬದಿಯ ನಮ್ಮೂರ ರೈಲ್ವೆ ಸ್ಟೇಷನ್ನನ್ನು ಯಾಕೆ ಮುಚ್ಚಿದಿರಿ ಎಂದು ಕೇಳಿ ಬರೆದ ಒಂಬತ್ತನೆಯ ಅರ್ಜಿಗೆ ಕೊನೆಗೂ ಒಂದು ಸಾಲಿನ ಉತ್ತರ ಬಂತು. ಓದಿ ಮೈಯೆಲ್ಲ ಉರಿದು ನೇರ ಬಾಗಕ್ಕನ ಮನೆಗೆ ಹೋದೆ. ಸ್ಟೇಷನ್ ಇದ್ದ ಕಾಲದಲ್ಲಿ ರೈಲಿನಲ್ಲಿ ಪೇಟೆಗೆ ಮೀನು ಒಯ್ಯುತ್ತಿದ್ದ ಹೆಂಗಸರಲ್ಲಿ ಈಗ ಉಳಿದಿರುವುದು ಅವರೊಬ್ಬರೇ.

"ಎಂತ ಬರ್ದಿದ್ದಾರೆ ಮಗಾ?"

"ಇಲ್ಲಿಂದ ಯಾರೂ ರೈಲು ಹತ್ತುತ್ತಲೇ ಇರ್ಲಿಲ್ಲವಂತೆ."

"ಅವ್ರ ಬಾಯಿಗೆ ಮಣ್ಣು ಹಾಕ! ದಿನಾ ನಲವತ್ತು ಜನ ಹತ್ತುತ್ತಿದ್ವು. ನಮ್ಮ ಬುಟ್ಟಿ ಇಟ್ರೆ ಡಬ್ಬಿಯಲ್ಲಿ ಕಾಲಿಡ್ಲಿಕ್ಕೆ ಜಾಗ ಇರ್ಲಿಲ್ಲ. ಸ್ಟೇಷನ್ ಮುಚ್ಚಿದ ಮೇಲೆ ಬಸ್ಸಿನವರು ಮೀನು ನಾರ್ತದೆ ಅಂತ ಹತ್ತಿಸ್ಲಿಲ್ಲ. ಬುಟ್ಟಿ ಹೊತ್ತು ನಡೆದೂ ನಡೆದೂ ನನ್ನ ಮಂಡಿಯೇ ಹೋಯ್ತು."

"ನಾನೂ ಅದನ್ನೇ ಹೇಳುದು ಬಾಗಕ್ಕ! ಇನ್ನೊಂದು ಅರ್ಜಿ ಹಾಕ್ತೇನೆ. ಸಾಕ್ಷಿಗೆ ಒಂದು ಹಳೇ ಟಿಕೆಟ್ ಇದ್ರೆ ಕೊಡಿ, ಅವ್ರ ಮೇಜಿನ ಮೇಲೇ ಇಟ್ಟು ಬರ್ತೇನೆ."

"ಟಿಕೆಟ್ ಎಲ್ಲಿಂದ ತರುದು ಮಗಾ?" ಬಾಗಕ್ಕ ಸ್ಟೇಷನ್ನಿನ ಕಡೆ ತಿರುಗಿ ಕೈಮುಗಿದರು. "ನಮ್ಮ ಸ್ಟೇಷನ್ ಮಾಸ್ಟ್ರು ದೇವರಂಥವರು. ಅಷ್ಟು ವರ್ಷದಲ್ಲಿ ಒಂದು ದಿನವೂ ನಮ್ಮ ಹತ್ರ ಟಿಕೆಟ್ ಕೇಳಿದವರಲ್ಲ."